ಫೇಸ್ ತಪ್ಪಿದ ರಾತ್ರಿ

ರಾತ್ರಿ 2 ಗಂಟೆ 10 ನಿಮಿಷ. ತೋಟದ ಮೋಟರ್ ಮನೆಯಲ್ಲಿ ಸ್ಟಾರ್ಟರ್ ಡಬ್ಬಿಯ ಮುಂದೆ ನಿಂತಿದ್ದೀರಿ. ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದೀರಿ, ತಗಡಿನ ಒಗರು ನಾಲಿಗೆಗೆ ಹತ್ತಿದೆ. ಡಬ್ಬಿಯ ಮೇಲೆ ಮೂರು ಪುಟ್ಟ ದೀಪ, ಕೆಂಪು, ಹಳದಿ, ನೀಲಿ. ಮೂರೂ ಉರಿದರೆ ತ್ರೀಫೇಸ್ ಬಂದಿದೆ ಅಂತ. ಈಗ ಉರಿಯುತ್ತಿರುವುದು ಎರಡೇ.

ಒಂದು ಫೇಸ್ ಇಲ್ಲದೆ ಮೋಟರ್ ಹಾಕಿದರೆ ಏನಾಗುತ್ತದೆ ಅಂತ ಹೊಳಲ್ಕೆರೆ ಸೀಮೆಯಲ್ಲಿ ಶಾಲೆಗೆ ಹೋಗುವ ಹುಡುಗನಿಗೂ ಗೊತ್ತು. ತಿರುಗುವುದಿಲ್ಲ, ಸುಮ್ಮನೂ ಇರುವುದಿಲ್ಲ. ಗುಂಯ್ ಅನ್ನುತ್ತ ನಿಂತಲ್ಲೇ ಬಿಸಿಯಾಗುತ್ತದೆ, ಆಮೇಲೆ ವೈಂಡಿಂಗ್ ಸುಟ್ಟ ವಾಸನೆ. ಇಷ್ಟೆಲ್ಲ ಗೊತ್ತಿದ್ದೂ ನಿಮ್ಮ ಹೆಬ್ಬೆರಳು ಹಸಿರು ಗುಂಡಿಯ ಮೇಲಿಂದ ಏಳುತ್ತಿಲ್ಲ. ನೀರು ಬಿಡಬೇಕು. ಈಗಲೇ ಬಿಡಬೇಕು. ಯಾಕೆ ಈಗಲೇ ಅಂತ ಕೇಳಿದರೆ ಹೇಳಲಿಕ್ಕೆ ಬರುವುದಿಲ್ಲ, ಆದರೆ ತಡವಾದರೆ ಏನೋ ಕೆಟ್ಟದ್ದಾಗಿಬಿಡುತ್ತದೆ ಅಂತ ಹೊಟ್ಟೆಯೊಳಗೆ ಒಂದು ಕೈ ಹಿಂಡುತ್ತಿದೆ.

ನಿಮಗೆ 31 ವರ್ಷ ಅಂದುಕೊಳ್ಳಿ. ರಾಮಗಿರಿಗೂ ಹೊಳಲ್ಕೆರೆಗೂ ನಡುವೆ, ರೈಲಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ ಒಂದು ಊರು. ನಾಲ್ಕು ಎಕರೆ ಅಡಿಕೆ. ಅಣ್ಣ, ಅತ್ತಿಗೆ, ಅವರ ಮಗಳು, ಅವ್ವ, ನೀವು, ಒಂದೇ ಒಲೆ. ಈ ಮೈಯನ್ನು ನಾನು ನಿಮಗೆ ಕಂಬಳಿಯ ಹಾಗೆ ಹೊದಿಸುತ್ತಿದ್ದೇನೆ. ಚುಚ್ಚುತ್ತದೆ, ಸೆಕೆಯಾಗುತ್ತದೆ, ಕಿತ್ತೆಸೆಯಬೇಕು ಅನ್ನಿಸುತ್ತದೆ. ಸ್ವಲ್ಪ ಹೊತ್ತು ಹೊದ್ದಿರಿ.

ದೀಪಾವಳಿ ಕಳೆದು ವಾರವಾಗಿದೆ. ಕೊಯ್ಲು ಜೋರು. ಶೆಡ್ಡಿನ ಪಕ್ಕ ಅಡಿಕೆ ಬೇಯಿಸಿದ ಹಂಡೆ ಆರಿ ತಣ್ಣಗಾಗಿದೆ, ಚೊಗರಿನ ಒಗರು ವಾಸನೆ ಮಂಜಿನ ಜೊತೆ ನೆಲಕ್ಕೆ ಅಂಟಿಕೊಂಡಿದೆ. ನಿಮ್ಮ ಅಂಗೈ ಕಂದುಗೆಂಪಾಗಿದೆ. ಮೂರು ರಾತ್ರಿಯಿಂದ ಆಳುಗಳ ಸಮಕ್ಕೂ ನೀವೇ ದುಡಿದಿದ್ದೀರಿ, ಅವರು ಮಲಗಿದ ಮೇಲೂ ದುಡಿದಿದ್ದೀರಿ. ಊಟ ಬಾಯಿಗೆ ಮಣ್ಣು. ಕಣ್ಣ ರೆಪ್ಪೆಯ ಒಳಗೆ ಮರಳು. ಕಾಲು ಸೋತಿದೆ, ಆದರೆ ಕೂರಲು ಬಿಡುತ್ತಿಲ್ಲ. ಕೂತರೆ ಮೊಣಕಾಲು ತಾನಾಗಿ ಕುಣಿಯುತ್ತದೆ, ಎದ್ದರೆ ಅಳು ಬರುತ್ತದೆ. ಅಳುತ್ತಲೇ ನಡೆಯುತ್ತೀರಿ, ನಡೆಯುತ್ತಲೇ ಲೆಕ್ಕ ಹಾಕುತ್ತೀರಿ.

ದೂರದಲ್ಲಿ ಗೂಡ್ಸ್ ರೈಲು. ಚಿಕ್ಕಜಾಜೂರಿನ ಕಡೆ ಹೋಗುತ್ತಿದೆ. ಡಬ್ಬಿಗಳನ್ನು ಸದ್ದಿನಲ್ಲೇ ಎಣಿಸಲು ಶುರುಮಾಡುತ್ತೀರಿ. ಒಂದು, ಅಪ್ಪನ ಕೊನೇ ಮಾತು ಕೇಳಿಸಿಕೊಳ್ಳಲಿಲ್ಲ. ಎರಡು, ಚೇಣಿದಾರನಿಗೆ ನಾಲ್ಕು ಜನರ ಮುಂದೆ ಬೈದೆ. ಮೂರು, ಅಣ್ಣನ ದುಡ್ಡು. ನಾಲ್ಕು, ಐದು, ಆರು. ಡಬ್ಬಿ ಮುಗಿಯುವುದಿಲ್ಲ, ಪ್ರತಿಯೊಂದರಲ್ಲೂ ನೀವು ಮಾಡಿದ ಒಂದೊಂದು ತಪ್ಪು ತುಂಬಿದೆ. ಒಂದು ಯೋಚನೆ ಮುಗಿಯುವ ಮೊದಲೇ ಇನ್ನೊಂದು ಅದರ ಬೆನ್ನಿಗೆ ಗುದ್ದುತ್ತದೆ. ಎಲ್ಲವೂ ಓಡುತ್ತಿವೆ. ಎಲ್ಲವೂ ಒಂದೇ ಊರಿಗೆ ಓಡುತ್ತಿವೆ.

ಅಷ್ಟರಲ್ಲಿ ಅದು ಬರುತ್ತದೆ.

ಹೊಸದೇನಲ್ಲ. ಬೇಸಿಗೆಯಲ್ಲಿ ಹಾಸಿಗೆ ಹಿಡಿದಿದ್ದಾಗಲೂ ಬಂದಿತ್ತು, ಸಾಯಬೇಕು ಅನ್ನುವ ಯೋಚನೆ. ಆಗ ಅದು ಮಳೆನೀರು ನಿಂತ ಹಾಗೆ ಸುಮ್ಮನೆ ನಿಂತಿತ್ತು. ಎದ್ದು ಮುಖ ತೊಳೆಯಲೂ ಕಸುವಿಲ್ಲದವನಿಗೆ ಸಾಯಲು ಎಲ್ಲಿಂದ ಕಸುವು ಬರಬೇಕು? ಈಗ ಕಸುವಿದೆ. ತೋಳಿನಲ್ಲಿ, ತೊಡೆಯಲ್ಲಿ, ದವಡೆಯಲ್ಲಿ ಇದೆ. ಆ ಹಳೆಯ ಯೋಚನೆ ಇವತ್ತು ಎದ್ದು ನಿಂತು, ಚಪ್ಪಲಿ ಮೆಟ್ಟಿಕೊಂಡು, ನಡಿ ಅನ್ನುತ್ತಿದೆ.

ಶೆಡ್ಡಿನ ಒಳಗೋಡೆಗೆ ಒಂದು ಪುಟ್ಟ ಕೋಣೆ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬಗಳನ್ನು ಇಡುವ ಕೋಣೆ. ಬ್ಯಾಟರಿಯ ಬೆಳಕು ಅತ್ತ ಹೊರಳುತ್ತದೆ. ಬಾಗಿಲಿಗೆ ಬೀಗ. ಒಂದು ವಾರದಿಂದ ಬೀಗ. ಹಾಕಿದ್ದು ಅವ್ವ, ಕೀಲಿ ಅವಳ ಎಲೆಅಡಿಕೆ ಸಂಚಿಯಲ್ಲಿ. ಯಾಕೆ ಅಂತ ಅವಳು ಹೇಳಿಲ್ಲ, ನೀವು ಕೇಳಿಲ್ಲ.

ಆ ಬೀಗವನ್ನು ನೋಡುತ್ತೀರಿ. ಅವ್ವನಿಗೆ ಗೊತ್ತು. ಒಂದು ವಾರದಿಂದ ಗೊತ್ತು. ಗೊತ್ತಿದ್ದೂ ದಿನಾ ರೊಟ್ಟಿ ಬಡಿದು ಹಾಕಿದ್ದಾಳೆ. ಬ್ಯಾಟರಿ ಬಾಯಿಂದ ಜಾರಿ ಬೀಳುತ್ತದೆ. ಕತ್ತಲು. ಎರಡು ದೀಪ ಮಾತ್ರ. ಓಡುತ್ತೀರಿ. ಬದು, ಕಾಲುವೆ, ಒದ್ದೆ ಸೋಗೆ. ಕಾಲು ಜಾರುತ್ತದೆ. ಏಳುತ್ತೀರಿ. ಮನೆಯ ಕಡೆಗೋ, ಹಳಿಯ ಕಡೆಗೋ? ಕಾಲಿಗೆ ಎರಡೂ ದಾರಿ ಗೊತ್ತು. ರೈಲು ಇನ್ನೂ ಹೋಗುತ್ತಲೇ ಇದೆ. ನಾಯಿ ಬೊಗಳುತ್ತದೆ. ನಿಮ್ಮದೇ ನಾಯಿ, ನಿಮ್ಮ ಗುರುತು ಹಿಡಿದು ಬೊಗಳುವುದನ್ನು ನಿಲ್ಲಿಸುತ್ತದೆ. ಅದರ ಹಿಂದೆ ಹೋಗುತ್ತೀರಿ. ಯಾಕೆ ಅಂತ ಕೇಳಬೇಡಿ. ಆ ಹೊತ್ತಿನಲ್ಲಿ ಮನುಷ್ಯ ಆರಿಸಿಕೊಳ್ಳುವುದು ಅಷ್ಟು ಸಣ್ಣ ಕಾರಣಕ್ಕೆ.

ಪಡಸಾಲೆಯಲ್ಲಿ ಅವ್ವ ಎದ್ದು ಕೂತಿದ್ದಾಳೆ. ಮಲಗಿದ್ದಳೋ ಇಲ್ಲವೋ.

"ಅವ್ವಾ, ನನ್ಗೆ ನನ್ ಮ್ಯಾಲೇ ಭಯ ಆಗ್ತೈತೆ."

ಇಷ್ಟು ಹೇಳಲು ನಾಲ್ಕು ಎಕರೆ ಓಡಿ ಬರಬೇಕಾಯಿತು. ಅವ್ವ ಅಳುವುದಿಲ್ಲ, ಗಾಳಿ ಸೋಕಿದೆ ಅನ್ನುವುದೂ ಇಲ್ಲ. ಹೋದ ವಾರ ಅದನ್ನೂ ನೋಡಿದ್ದಾಯಿತು, ನಿಮ್ಮ ರಟ್ಟೆಯ ಕಪ್ಪು ದಾರ ಅದಕ್ಕೆ ಸಾಕ್ಷಿ. ನಿಮ್ಮ ಮಣಿಕಟ್ಟು ಹಿಡಿದು ಪಕ್ಕಕ್ಕೆ ಕೂರಿಸಿಕೊಳ್ಳುತ್ತಾಳೆ. ಮುದುಕಿಯ ಹಿಡಿತ, ಆದರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಅತ್ತಿಗೆ ಫೋನ್ ಹಿಡಿದು ಹೊರಗೆ ಬರುತ್ತಾರೆ. ಅಂಗನವಾಡಿಯ ಗೋಡೆ ಮೇಲೆ ನೋಡಿದ ನಂಬರ್ ಅವರಿಗೆ ನೆನಪಿದೆ, 14416. ಟೆಲಿಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸಹಾಯವಾಣಿ ಅದು, ಹಗಲು ರಾತ್ರಿ ಎತ್ತುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಅತ್ತಿಗೆ ಸ್ಪೀಕರ್ ಹಾಕುತ್ತಾರೆ. ಆಚೆಯ ದನಿ ಹೆಸರು ಕೇಳುತ್ತದೆ, ಊಟ ಮಾಡಿದಿರಾ ಕೇಳುತ್ತದೆ, ಆಮೇಲೆ ದನಿ ಏರಿಸದೆ ಇಳಿಸದೆ ಕೇಳುತ್ತದೆ: "ಸಾಯಬೇಕು ಅಂತ ಯೋಚನೆ ಬರ್ತಿದೆಯಾ?"

ಪಡಸಾಲೆಯಲ್ಲಿ ಉಸಿರು ನಿಲ್ಲುತ್ತದೆ. ನಿಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡಿದವರಲ್ಲ. ಆಡಿದರೆ ಆಗಿಬಿಡುತ್ತದೆ ಅನ್ನುವ ಹೆದರಿಕೆ. ನಿಜ ಅದರ ತಿರುಗುಮುರುಗು. "ಹೂಂ" ಅಂದಾಗ ಎದೆಯ ಮೇಲೆ ಕೂತಿದ್ದ ಏನೋ ಒಂದು ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ದನಿ ಹೇಳುತ್ತದೆ: ಒಬ್ಬರನ್ನೇ ಬಿಡಬೇಡಿ, ಔಷಧಿ, ಹಗ್ಗ, ಕತ್ತಿ ದೂರ ಇಡಿ, ಬೆಳಗಾದ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ತಡೆಯಲಾಗದಿದ್ದರೆ ಈಗಲೇ ಹೊರಡಿ. ಬೆಳಗಾದರೆ ಮಂಗಳವಾರ. ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಅಂತ ಒಂದು ಯೋಜನೆ ನಮ್ಮ ರಾಜ್ಯದಲ್ಲಿದೆ.

ನಾಲ್ಕು ಗಂಟೆ ಕಾಯಬೇಕು. ಅಣ್ಣ ಎದ್ದು ಬಂದು ಇನ್ನೊಂದು ಮಗ್ಗುಲಲ್ಲಿ ಕೂರುತ್ತಾನೆ. "ಉಸ್ರು ಎಣ್ಸೋ, ಅಪ್ಪಾಜಿ ಹೇಳ್ಕೊಡ್ತಿದ್ರಲ್ಲ" ಅನ್ನುತ್ತಾನೆ. ಅಪ್ಪ ಚಿಕ್ಕಂದಿನಲ್ಲಿ ಮಲ್ಲಾಡಿಹಳ್ಳಿಯ ಆಶ್ರಮದಲ್ಲಿ ರಾಘವೇಂದ್ರ ಸ್ವಾಮೀಜಿಯ ಶಿಬಿರದಲ್ಲಿ ಯೋಗ ಕಲಿತವರು. ಈ ತಾಲ್ಲೂಕಿನಲ್ಲಿ ಅಂಥವರು ಮನೆಗೊಬ್ಬರು ಸಿಗುತ್ತಾರೆ. ಕಣ್ಣು ಮುಚ್ಚುತ್ತೀರಿ. ಒಂದು, ಎರಡು. ಮೂರಕ್ಕೆ ಮತ್ತೆ ಗೂಡ್ಸ್ ರೈಲು. ಕಣ್ಣು ಬಿಡುತ್ತೀರಿ. ಯೋಗ ಸುಳ್ಳಲ್ಲ, ಆದರೆ ಹೊತ್ತಿಕೊಂಡ ಬಣವೆಯ ಮುಂದೆ ಕೂತು ಮಾಡುವಂಥದ್ದಲ್ಲ.

ಬೆಳಿಗ್ಗೆ ಓಮ್ನಿಯ ನಡುಸೀಟಿನಲ್ಲಿ ಇಬ್ಬರ ಮಧ್ಯೆ ನೀವು. ಹೊಳಲ್ಕೆರೆಯಲ್ಲಿ ಬಯಲು ಗಣಪತಿಯ ಮುಂದೆ ಅಣ್ಣ ಗಾಡಿ ನಿಲ್ಲಿಸಿ ಕೂತಲ್ಲಿಂದಲೇ ಕೈಮುಗಿಯುತ್ತಾನೆ. ಎಷ್ಟು ದೊಡ್ಡ ದೇವರು, ತಲೆಯ ಮೇಲೆ ಸೂರಿಲ್ಲ. ಬಿಸಿಲು, ಮಳೆ, ಮಂಜು, ಎಲ್ಲಕ್ಕೂ ಬಟ್ಟಬಯಲು. ನಿಮಗೆ ನಗು ಬರುತ್ತದೆ. ನಗುತ್ತಲೇ ಇರುತ್ತೀರಿ, ಕೆನ್ನೆ ಒದ್ದೆಯಾಗಿದೆ, ಎರಡನ್ನೂ ನಿಲ್ಲಿಸಲು ಆಗುತ್ತಿಲ್ಲ. ಅತ್ತಿಗೆ ಸೆರಗಿನ ತುದಿ ಕೊಡುತ್ತಾರೆ.

ಆಸ್ಪತ್ರೆಯ ಕಾರಿಡಾರಿನಲ್ಲಿ ಫಿನಾಯಿಲ್ ವಾಸನೆ, ಬೆಂಚಿನ ತಣ್ಣನೆಯ ಕಬ್ಬಿಣ. ಎದುರಿಗೆ ಒಬ್ಬ ಹೆಂಗಸು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಾರೆ. ಕೈ ಹೊಸಕುತ್ತ, "ಮುಗೀತು, ಎಲ್ಲಾ ಮುಗೀತು" ಅನ್ನುತ್ತ. ಅದೇ ಎರಡು ಮಾತು, ಮೂರನೆಯದಿಲ್ಲ. ಅವರ ತಲೆ ಖಾಲಿಯಾಗಿ ಒಂದೇ ಕಡೆ ನಿಂತಿದೆ, ಕಾಲು ಮಾತ್ರ ನಿಲ್ಲುತ್ತಿಲ್ಲ. ನಿಮ್ಮದು ಹಾಗಲ್ಲ, ಕಾಲಿನ ಜೊತೆ ತಲೆಯೂ ನಿಂತಿಲ್ಲ. ಇಬ್ಬರೂ ಅಳುತ್ತಿದ್ದೀರಿ, ಆದರೆ ಒಂದೇ ಥರ ಅಲ್ಲ ಅಂತ ನಿಮಗೆ ಹೊಳೆಯುತ್ತದೆ.

ಒಳಗೆ ಡಾಕ್ಟರಮ್ಮ. ನಿಮ್ಮ ಹಳೇ ಚೀಟಿ ನೋಡುತ್ತಾರೆ. ಬೇಸಿಗೆಯಲ್ಲಿ ಬೇರೆಲ್ಲೋ ಬರೆದುಕೊಟ್ಟದ್ದು, ಎಸಿಟಾಲೋಪ್ರಾಮ್, ಖಿನ್ನತೆಯ ಮಾತ್ರೆ. ಹತ್ತು ಮಿಲಿಗ್ರಾಂ. ಮೂರು ವಾರದ ಹಿಂದೆ ಇಪ್ಪತ್ತಾಗಿದೆ.

"ನಿದ್ದೆ ಬರ್ತಿಲ್ವಾ, ಬೇಡ ಅನ್ಸುತ್ತಾ?"

ಇಂಥ ಪ್ರಶ್ನೆಯನ್ನು ನಿಮಗೆ ಯಾರೂ ಕೇಳಿರಲಿಲ್ಲ. "ಎರಡೂ ಮೇಡಂ. ಸುಸ್ತಾಗಿ ಬಿದ್ದೋಗಂಗಾಗುತ್ತೆ. ಮಲಗಿದ್ರೆ ಮೈಯೇ ಎಬ್ಬಿಸುತ್ತೆ."

"ಯೋಚನೆ ನಿಧಾನನೋ ಜೋರೋ?"

"ಜೋರು."

"ಖುಷಿ ಯೋಚನೆಗಳಾ?"

ಇಲ್ಲ ಅಂತ ತಲೆಯಾಡಿಸುತ್ತೀರಿ. ಹೇಗೆ ಹೇಳುವುದು? ನಾಲಿಗೆಗೆ ಬಂದದ್ದನ್ನು ಹೇಳಿಬಿಡುತ್ತೀರಿ: "ಒಂದ್ ಫೇಸ್ ಹೋಗಿರೋ ಮೋಟರ್ ಥರ ಮೇಡಂ. ತಿರುಗ್ತಿಲ್ಲ. ಗುಂಯ್ ಅಂತಾ ಐತೆ."

ಅವರು ಪೆನ್ನು ಕೆಳಗಿಟ್ಟು ಮೊದಲ ಸಲ ನಿಮ್ಮನ್ನು ನೇರವಾಗಿ ನೋಡುತ್ತಾರೆ. ಆಮೇಲೆ ಅಣ್ಣನ ಕಡೆ ತಿರುಗಿ, "ಹಿಂದೆ ಯಾವಾಗಾದ್ರೂ ತುಂಬಾ ಖುಷಿಯಾಗಿ, ನಿದ್ದೆ ಇಲ್ದೇನೆ ಓಡಾಡ್ಕೊಂಡು, ದುಡ್ಡು ಖರ್ಚು ಮಾಡಿದ್ದುಂಟಾ?"

ಅಣ್ಣ ಕೆಮ್ಮುತ್ತಾನೆ. "ಅಪ್ಪಾಜಿ ತೀರ್ಕಂಡ ವರ್ಷ ಮೇಡಂ. ಹದಿನೈದು ದಿನ. ಊರಿಗೆಲ್ಲಾ ಊಟ ಹಾಕ್ಸಿದ. ಟ್ರ್ಯಾಕ್ಟರ್ ಬುಕ್ ಮಾಡ್ದ. ನಾವು ದುಃಖಕ್ಕೆ ಹಿಂಗಾಡ್ತಾನೆ ಅಂದ್ಕಂಡ್ವಿ."

ಆ ಹದಿನೈದು ದಿನವನ್ನು ನೀವು ಬೇಸಿಗೆಯಲ್ಲಿ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಕೇಳಿದ್ದರೂ ಹೇಳುತ್ತಿದ್ದಿರೋ ಇಲ್ಲವೋ. ಅದು ಕಾಯಿಲೆ ಅಂತ ನಿಮಗೆ ಅನ್ನಿಸಿರಲೇ ಇಲ್ಲ. ನಿಮ್ಮ ಬದುಕಿನ ಅತಿ ಒಳ್ಳೆಯ ಹದಿನೈದು ದಿನ ಅವು. ಏರುವುದೂ ಇಳಿಯುವುದೂ ಎರಡೂ ಇರುವ ಈ ಕಾಯಿಲೆಗೆ ಬೈಪೋಲಾರ್ ಅಂತ ಹೆಸರು. ಅದರ ಮೋಸ ಇರುವುದೇ ಅಲ್ಲಿ: ಏರಿದ್ದನ್ನು ಯಾರೂ ಡಾಕ್ಟರ ಹತ್ತಿರ ಒಯ್ಯುವುದಿಲ್ಲ, ಇಳಿದದ್ದನ್ನು ಮಾತ್ರ ಒಯ್ಯುತ್ತಾರೆ. ಅಳುವವನಿಗೆ ಖಿನ್ನತೆಯ ಮಾತ್ರೆ ಸಿಗುತ್ತದೆ. ಬೈಪೋಲಾರ್ ಇರುವ ಮೈಯಲ್ಲಿ ಅದೊಂದನ್ನೇ ಕೊಟ್ಟರೆ ಕೆಲವರಲ್ಲಿ ಮನಸ್ಸು ಏಳುವ ಮೊದಲು ಕೈಕಾಲು ಏಳುತ್ತವೆ. ನೀವು ಹಾಸಿಗೆ ಬಿಟ್ಟು ಎದ್ದಾಗ ಮನೆಯವರು ಹಬ್ಬ ಮಾಡಿದರು. ಎದ್ದದ್ದು ಅರ್ಧ ನೀವು ಮಾತ್ರ.

ಡಾಕ್ಟರಮ್ಮ ಚೀಟಿಯ ಹಿಂದೆ ಮೂರು ಗೆರೆ ಎಳೆಯುತ್ತಾರೆ. ಭಾವ, ಯೋಚನೆ, ಚಟುವಟಿಕೆ. ಮೊದಲನೆಯದಕ್ಕೆ ಕೆಳಗೆ ಬಾಣ, ಉಳಿದೆರಡಕ್ಕೆ ಮೇಲೆ. "ನಿಮ್ ಮೂರು ಫೇಸ್ ಇವು" ಅನ್ನುತ್ತಾರೆ.

ಆ ಮೂರು ಗೆರೆ ಹಳೆಯವು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮನೋವೈದ್ಯ ಎಮಿಲ್ ಕ್ರೇಪೆಲಿನ್ ತನ್ನ ರೋಗಿಗಳನ್ನು ವರ್ಷಗಟ್ಟಲೆ ನೋಡಿ ಎಳೆದದ್ದು. ಅವನ ಶಿಷ್ಯ ವಿಲ್‌ಹೆಲ್ಮ್ ವೈಗಾಂಟ್ 1899ರಲ್ಲಿ ಇಂಥ ಏರಿಳಿತ ಬೆರೆತ ಮಿಶ್ರ ಸ್ಥಿತಿಗಳ ಮೇಲೆಯೇ ಒಂದು ಪುಸ್ತಕ ಬರೆದ. ಲೆಕ್ಕ ಸುಲಭ. ಮೂರು ಎಳೆ, ಪ್ರತಿಯೊಂದೂ ಏರಬಹುದು ಇಲ್ಲವೇ ಇಳಿಯಬಹುದು, ಒಟ್ಟು ಎಂಟು ಬಗೆ. ಮೂರೂ ಏರಿದರೆ ಶುದ್ಧ ಉನ್ಮಾದ, ಮೂರೂ ಇಳಿದರೆ ಶುದ್ಧ ಖಿನ್ನತೆ. ಆ ಎರಡನ್ನು ಕಳೆದರೆ ಉಳಿದ ಆರೂ ಮಿಶ್ರ. ಭಾವ ಇಳಿದು, ಯೋಚನೆ ಮತ್ತು ಮೈ ಏರಿದ ನಿಮ್ಮದಕ್ಕೆ ಕ್ರೇಪೆಲಿನ್ ಆತಂಕದ ಉನ್ಮಾದ ಅಂದ. ಕಾರಿಡಾರಿನ ಆ ತಾಯಿಯದು ಭಾವ ಮತ್ತು ಯೋಚನೆ ಇಳಿದು ಮೈ ಮಾತ್ರ ಏರಿದ್ದು, ಚಡಪಡಿಕೆಯ ಖಿನ್ನತೆ. ಮೈ ಮಂಚಕ್ಕಂಟಿ, ಮನಸ್ಸು ಮುಳುಗಿ, ಯೋಚನೆ ಮಾತ್ರ ಹಾರುವವರೂ ಇದ್ದಾರೆ. ಹೊರಗಿನಿಂದ ನೋಡಿದರೆ ಸುಮ್ಮನೆ ಮಲಗಿದ್ದಾರೆ ಅನ್ನಿಸುತ್ತದೆ, ಒಳಗೆ ಸಂತೆ.

ಇತ್ತೀಚಿನ ಪುಸ್ತಕಗಳು ಇದನ್ನು ಇನ್ನಷ್ಟು ಸಿಕ್ಕು ಮಾಡಿವೆ ಅಂತ ನನ್ನ ಅನಿಸಿಕೆ. ಅಮೆರಿಕದ ಮನೋವೈದ್ಯರ ಕೈಪಿಡಿ ಮೊದಲು ಉನ್ಮಾದ, ಖಿನ್ನತೆ ಎರಡೂ ಪೂರ್ತಿಯಾಗಿ ಒಟ್ಟಿಗೆ ಕನಿಷ್ಠ ಒಂದು ವಾರ ಇದ್ದರೆ ಮಾತ್ರ ಮಿಶ್ರ ಅನ್ನುತ್ತಿತ್ತು. 2013ರಲ್ಲಿ ಸಡಿಲಿಸಿ, ಎದುರು ಧ್ರುವದ ಮೂರು ಲಕ್ಷಣ ಇದ್ದರೆ ಸಾಕು ಅಂದಿತು. ಒಳ್ಳೆಯದೇ. ಆದರೆ ಎರಡೂ ಕಡೆ ಕಾಣುತ್ತವೆ ಅನ್ನುವ ಕಾರಣಕ್ಕೆ ಸಿಡುಕು, ಚಡಪಡಿಕೆ, ಚಿತ್ತ ಚದುರುವುದು ಈ ಮೂರನ್ನು ಲೆಕ್ಕದಿಂದಲೇ ಬಿಟ್ಟಿತು. ನಿಮ್ಮ ಮೈಯನ್ನು ಕೇಳಿ ನೋಡಿ, ನಿನ್ನೆ ರಾತ್ರಿ ಅಲ್ಲಿ ಇದ್ದದ್ದೇ ಆ ಮೂರು. ರೋಮಿನಲ್ಲಿದ್ದ ಅಥನಾಸಿಯೋಸ್ ಕೌಕೊಪೌಲೋಸ್ ಎಂಬ ಮನೋವೈದ್ಯ ಇದೇ ತಕರಾರನ್ನು ಎತ್ತಿದ್ದರು.

"ಈ ಮಾತ್ರೆ ಇವತ್ತಿಂದ ನಿಲ್ಸಿ" ಅನ್ನುತ್ತಾರೆ ಡಾಕ್ಟರಮ್ಮ. ಅಣ್ಣ ಮುಂದಕ್ಕೆ ಬಾಗುತ್ತಾನೆ. ಬೇಸಿಗೆಯಲ್ಲಿ ಹಾಸಿಗೆಯಿಂದ ಎಬ್ಬಿಸಿದ್ದು ಅದೇ ಮಾತ್ರೆ ಅಂತ ಅವನು ನಂಬಿದ್ದಾನೆ. ನಿಲ್ಲಿಸಿದರೆ ಮತ್ತೆ ಹಾಗೇ ಆದರೆ? ನೀವೂ ಹಾಗೇ ನಂಬಿದ್ದೀರಿ. ಅಂಗಿಯ ಜೇಬಿನಲ್ಲಿರುವ ಆ ಹಾಳೆಯನ್ನು ಬೆರಳು ಮುಟ್ಟುತ್ತದೆ, ಹತ್ತು ಗುಳಿಗೆಯಲ್ಲಿ ಏಳು ಖಾಲಿ, ಮೂರು ಉಬ್ಬು. ತೆಗೆದು ಮೇಜಿನ ಮೇಲೆ ಇಡುತ್ತೀರಿ. ನಿಮ್ಮದು ಅಂತ ಉಳಿದಿದ್ದ ಕೊನೆಯ ಊರುಗೋಲನ್ನು ಕೊಟ್ಟ ಹಾಗೆ.

ಚಿತ್ರದುರ್ಗಕ್ಕೆ ಬರೆದುಕೊಡುತ್ತಾರೆ, ಇವತ್ತೇ ಸೇರಬೇಕು. ಅಲ್ಲಿ ಇನ್ನೊಂದು ಮೇಜು, ಇನ್ನೊಂದು ಪೆನ್ನು. ಸೇರುವುದಕ್ಕೆ ಒಪ್ಪಿಗೆ ನಿಮ್ಮದೇ ಬೇಕು, ಅರ್ಥಮಾಡಿಕೊಳ್ಳುವ ಶಕ್ತಿ ಇರುವವರೆಗೆ ನಿಮ್ಮ ಸಹಿಯೇ ಸಹಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುವುದು ಹಾಗೆ. ಆಗದ ಹೊತ್ತಿನಲ್ಲಿ ನಿಮ್ಮ ಪರವಾಗಿ ನಿಲ್ಲುವವರು ಯಾರು ಅಂತಲೂ ನೀವೇ ಹೇಳಬಹುದು. "ಯಾರ ಹೆಸರು ಬರೀಲಿ?" ಅಣ್ಣ ಆಗಲೇ ಆಧಾರ್ ಕಾರ್ಡ್ ತೆಗೆಯುತ್ತಿದ್ದಾನೆ. ನೀವು ಅತ್ತಿಗೆಯ ಹೆಸರು ಹೇಳುತ್ತೀರಿ. ಅಣ್ಣನ ಕೈ ಜೇಬಿನ ಬಾಯಲ್ಲೇ ನಿಲ್ಲುತ್ತದೆ. ಆ ಫೋನ್ ಮಾಡಿದವರು ಅವರು, ಅಷ್ಟೇ ಕಾರಣ. ಅವನಿಗೆ ಅದನ್ನು ಬಿಡಿಸಿ ಹೇಳಲು ನಿಮ್ಮ ಹತ್ತಿರ ಈಗ ಮಾತಿಲ್ಲ.

"ಕರೆಂಟ್ ಕೊಡ್ತಾರೇನಮ್ಮ?" ಅವ್ವ ನರ್ಸನ್ನು ಕೇಳುತ್ತಾಳೆ. ಹಗಲೆಲ್ಲ ಅವಳು ಕೇಳಿದ ಒಂದೇ ಪ್ರಶ್ನೆ. ಇಲ್ಲಮ್ಮ, ಬೇಕಾದರೆ ಮಾತ್ರ, ಮತ್ತು ಅರಿವಳಿಕೆ ಕೊಟ್ಟು ಮಲಗಿಸಿಯೇ. ಅರಿವಳಿಕೆ ಇಲ್ಲದೆ ಕೊಡುವುದನ್ನು ಅದೇ ಕಾಯ್ದೆ ನಿಷೇಧಿಸಿದೆ. ಮಾತ್ರೆಗೆ ಬಗ್ಗದ ಮಿಶ್ರ ಸ್ಥಿತಿಗೆ ಆ ಚಿಕಿತ್ಸೆ ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಸಿನಿಮಾ ನೋಡಿ ಹೆದರಿದ ನಮಗೆ ನಂಬಲು ಕಷ್ಟ.

ಸಂಜೆ ಲೊರಾಜೆಪಾಮ್ ಇಂಜೆಕ್ಷನ್. ತೋಳಿನಲ್ಲಿ ಉರಿ, ಆಮೇಲೆ ಬಾಯಲ್ಲಿ ಒಲಾಂಜಪಿನ್ ಗುಳಿಗೆ, ನಾಲಿಗೆಯ ಮೇಲೆ ಸಿಹಿಸಿಹಿಯಾಗಿ ಕರಗುತ್ತದೆ. ಫ್ಯಾನಿನ ಕಟಕಟ. ರೈಲು ಇನ್ನೂ ಓಡುತ್ತಿದೆ, ಡಬ್ಬಿಗಳ ನಡುವಿನ ಸಂದು ದೊಡ್ಡದಾಗುತ್ತಿದೆ. ಒಂದು ಡಬ್ಬಿ. ಬಹಳ ಹೊತ್ತು ಏನೂ ಇಲ್ಲ. ಇನ್ನೊಂದು ಡಬ್ಬಿ. ಅವ್ವನ ಕೈ ಮಣಿಕಟ್ಟಿನ ಮೇಲೆ ಹಾಗೇ ಇದೆ.

ಎದ್ದಾಗ ಮಧ್ಯಾಹ್ನ. ಬಾಯಿ ಒಣಗಿ ಹಪ್ಪಳ, ನಾಲಿಗೆ ದಪ್ಪ. ಪಕ್ಕದ ಹಾಸಿಗೆಯಲ್ಲಿ ಹಿರಿಯೂರು ಕಡೆಯ ಒಬ್ಬ ಹುಡುಗ ಗೋಡೆಗೆ ಒರಗಿ ಕೂತಿದ್ದಾನೆ. ಕದಲುವುದಿಲ್ಲ, ಮಾತಿಲ್ಲ, ಅಮ್ಮ ತುತ್ತಿಟ್ಟರೆ ಅಗಿಯುವುದಿಲ್ಲ. ಆದರೆ ಮುಖದ ತುಂಬ ನಗು. ಮದುಮಗನ ನಗು. ಅದನ್ನು ನೋಡಿ ನಿಮ್ಮ ಬೆನ್ನುಹುರಿ ತಣ್ಣಗಾಗುತ್ತದೆ. ಭಾವ ಏರಿ, ಉಳಿದೆರಡೂ ಇಳಿದು ಕಲ್ಲಾಗುವುದು, ಕ್ರೇಪೆಲಿನ್ ಲೆಕ್ಕದಲ್ಲಿ ಅದೂ ಆರರಲ್ಲಿ ಒಂದು. ಕಾಗದದ ಮೇಲೆ ಬಾಣಗಳು, ಇಲ್ಲಿ ತುಟಿಯ ಅಂಚಿನಲ್ಲಿ ಒಣಗಿದ ಅನ್ನದ ಅಗುಳು.

ವ್ಯಾಲ್‌ಪ್ರೊಯೇಟ್ ಶುರುವಾಗುತ್ತದೆ, ಲಿವರ್ ಪರೀಕ್ಷೆಗೆ ರಕ್ತ ತೆಗೆದ ಮೇಲೆ. ಫಿಟ್ಸ್‌ಗೆ ಕೊಡುವ ಮಾತ್ರೆಯೇ ಇದು, ಆದ್ದರಿಂದ ಅಣ್ಣ ಮೆಡಿಕಲ್ ಶಾಪಿನಿಂದ ಗಾಬರಿಯಾಗಿ ಓಡಿ ಬರುತ್ತಾನೆ, "ಇವ್ನಿಗೆ ಮೂರ್ಛೆರೋಗ ಎಲ್ಲೈತೆ ಡಾಕ್ಟ್ರೇ?" ಈ ಕಾಯಿಲೆಗೆ ಮೊದಲಿಂದ ಕೊಡುವ ಲಿಥಿಯಂ ಯಾಕಲ್ಲ ಅಂತ ಕೇಳುವಷ್ಟು ಅವನಿಗೆ ಗೊತ್ತಿಲ್ಲ, ನಾನೇ ಹೇಳುತ್ತೇನೆ. 1990ರ ದಶಕದಲ್ಲಿ ಅಮೆರಿಕದಲ್ಲಿ ಎರಡನ್ನೂ ಹೋಲಿಸಿದಾಗ, ಉನ್ಮಾದದಲ್ಲಿ ಖಿನ್ನತೆ ಬೆರೆತವರಿಗೆ ಲಿಥಿಯಂಗಿಂತ ವ್ಯಾಲ್‌ಪ್ರೊಯೇಟ್ ಚೆನ್ನಾಗಿ ಹಿಡಿಯಿತು. ಒಲಾಂಜಪಿನ್, ಕ್ವೆಟಿಯಾಪಿನ್‌ನಂಥವು ಅದರ ಜೊತೆಗೆ. ಎಲ್ಲರಿಗೂ ಅಲ್ಲ. ಕಾರಿಡಾರಿನ ಆ ತಾಯಿಗೆ ಇನ್ನೊಂದು ಮಗು ಬೇಕಿದ್ದರೆ ಡಾಕ್ಟರು ವ್ಯಾಲ್‌ಪ್ರೊಯೇಟ್ ಕಡೆ ಕೈ ಹಾಕುವುದಿಲ್ಲ, ಹೊಟ್ಟೆಯಲ್ಲಿರುವ ಕೂಸಿನ ಬೆನ್ನುಹುರಿಗೆ, ಮಿದುಳಿಗೆ ಅದು ಕೆಡುಕು.

ನಾಲ್ಕನೇ ದಿನ ನಾಲ್ಕು ಗಂಟೆ ನಿದ್ದೆ, ಇಂಜೆಕ್ಷನ್ ಇಲ್ಲದೆ. ಏಳನೇ ದಿನ ಆರು. ಮೊದಲು ಶಾಂತವಾಗುವುದು ಕಾಲು, ಆಮೇಲೆ ತಲೆ. ಕೊನೆಗೆ ಉಳಿಯುವುದು ದುಃಖ, ಬರೀ ದುಃಖ, ಮಳೆ ನಿಂತ ಮೇಲೆ ತೊಟ್ಟಿಕ್ಕುವ ಹಾಗೆ. ವಿಚಿತ್ರ ಅಂದರೆ ಅದರಲ್ಲಿ ಒಂದು ನೆಮ್ಮದಿ ಇದೆ, ಅದು ಎತ್ತಲೂ ಎಳೆಯುವುದಿಲ್ಲ. ಒಲಾಂಜಪಿನ್ ಹಸಿವು ಮಾತ್ರ ಬೇರೆ ಥರ. ಮೂರು ಮುದ್ದೆ ಇಳಿದರೂ ಹೊಟ್ಟೆ ಇನ್ನೂ ಕೈ ಚಾಚುತ್ತದೆ. ಅವ್ವನಿಗೆ ಪರಮಾನಂದ.

ಮೂರನೇ ವಾರ ಡಾಕ್ಟರು ಲಿಥಿಯಂ ಮಾತೆತ್ತುತ್ತಾರೆ. ಮುಂದಿನ ವರ್ಷಗಳಿಗೆ ಅದು ಬೇಕು, ಆತ್ಮಹತ್ಯೆಯಿಂದ ಕಾಪಾಡುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಉನ್ಮಾದಕ್ಕೆ ಕೊಟ್ಟು ನೋಡಿದ್ದನ್ನು ಪ್ರಕಟಿಸಿದಾಗಿನಿಂದ ಇಂದಿನವರೆಗೂ ಅದು ಬರೀ ಒಂದು ಉಪ್ಪು. ಆದರೆ ರಕ್ತದಲ್ಲಿ 0.6ರಿಂದ 1.0ರ ಒಳಗಿರಬೇಕು, 1.5 ದಾಟಿದರೆ ವಿಷ. ಎರಡರ ನಡುವೆ ಅಂತರ ಕಡಿಮೆ. ಕಿಡ್ನಿ, ಥೈರಾಯ್ಡ್ ಪರೀಕ್ಷೆ ಮಾಡಿಸುತ್ತಿರಬೇಕು. ಅದಕ್ಕಿಂತ ಮುಖ್ಯ, ನಿಮ್ಮ ಕೆಲಸ. ಚಿತ್ರದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬೆವರು ಹರಿದು ನೀರು ಕುಡಿಯದಿದ್ದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ವಾಂತಿಭೇದಿಯಾದರೂ ಏರುತ್ತದೆ. ಸೊಂಟನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್‌ನಿಂದಲೂ ಏರುತ್ತದೆ. "ಕೈ ತುಂಬಾ ನಡುಗಿದ್ರೆ, ನಡಿಗೆ ತೂರಾಡಿದ್ರೆ, ಮಾತು ತೊದಲಿದ್ರೆ ಗುಳಿಗೆ ನಿಲ್ಸಿ ಓಡಿ ಬನ್ನಿ." ಅತ್ತಿಗೆ ಅದನ್ನು ಮಗಳ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳುತ್ತಾರೆ.

ತೂಕ ಹಾಕುತ್ತೀರಿ. ಒಂದು ಕಡೆ ಜೀವಮಾನವೆಲ್ಲ ರಕ್ತ ಪರೀಕ್ಷೆ, ನಡುಗುವ ಕೈ, ಬಾಯಾರಿಕೆ. ಇನ್ನೊಂದು ಕಡೆ ಬೀಗ ಹಾಕಿದ ಆ ಬಾಗಿಲು. ಇನ್ನೊಂದು ಲೆಕ್ಕವೂ ಇದೆ, ಯಾರಿಗೂ ಹೇಳಿಲ್ಲ. ಲಿಥಿಯಂ ತಗೊಂಡರೆ ಆ ಹದಿನೈದು ದಿನ ಇನ್ನು ಮೇಲೆ ಬರುವುದಿಲ್ಲ. ಕಿಟಕಿಯಾಚೆ ಕೋಟೆಯ ಬಂಡೆಗಳ ಮೇಲೆ ಬಿಸಿಲು ಇಳಿಯುವವರೆಗೆ ಕೂತಿದ್ದು, "ಆಯ್ತು" ಅನ್ನುತ್ತೀರಿ.

ಊರಿಗೆ ಬಂದಾಗ ಕೊಯ್ಲು ಮುಗಿದಿದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿದೆ. ತೋಟದ ಮೂಲೆಯಲ್ಲಿ ಬೂದುಬಣ್ಣದ ಕಲ್ಲುಪುಡಿಯ ಗುಡ್ಡೆ.

ಅದು ನಿಮ್ಮದೇ ಕೆಲಸ. ಆ ವಾರ ರಾತ್ರಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ತೋಟವೆಲ್ಲ ನಡೆದು, ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು, ಬೋರ್ ಲಾರಿಯವನಿಗೆ ಅಡ್ವಾನ್ಸ್ ಕಳಿಸಿದ್ದಿರಿ, ಅಣ್ಣನ ಖಾತೆಯಿಂದ. ನೀವು ವಾರ್ಡಿನಲ್ಲಿದ್ದಾಗ ಲಾರಿ ಬಂತು. ದುಡ್ಡು ವಾಪಸ್ ಇಲ್ಲ ಅಂದರು. ಅಣ್ಣ ಹಲ್ಲು ಕಚ್ಚಿ ಕೊರೆಸಿದ. 640 ಅಡಿಗೆ ನೀರು ಸಿಕ್ಕಿತು, ಎರಡಿಂಚು.

ಅಣ್ಣ ಇದನ್ನು ಹೇಳುವಾಗ ನಗಬೇಕೋ ಬೈಯಬೇಕೋ ಗೊತ್ತಾಗದೆ ಮೀಸೆ ತಿರುವುತ್ತಾನೆ. ಸಾಲ ಇದೆ. ನೀರೂ ಇದೆ. ಊರಿನವರು ಆಗಲೇ ಶುರುಮಾಡಿದ್ದಾರೆ, ಪಾಯಿಂಟ್ ನೋಡಲು ನಿಮ್ಮನ್ನು ಕರೆಯುತ್ತಾರಂತೆ.

"ಹೋಗ್ಬ್ಯಾಡ" ಅನ್ನುತ್ತಾಳೆ ಅವ್ವ. ಔಷಧಿ ಕೋಣೆಯ ಕೀಲಿ ಇನ್ನೂ ಅವಳ ಸಂಚಿಯಲ್ಲೇ ಇದೆ. ಈ ಸಲ ನೀವು ಕೇಳುತ್ತೀರಿ, ಅವಳು ಕೊಡುವುದಿಲ್ಲ.

ರಾತ್ರಿ ಎಂಟಕ್ಕೆ ಗುಳಿಗೆ. ನಾಳೆ ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಬೇಕು, ಕೊನೆಯ ಗುಳಿಗೆಗೂ ಸೂಜಿಗೂ ನಡುವೆ 12 ಗಂಟೆ ಇರಬೇಕಂತೆ. ಹೊಸ ಬೋರಿನ ನೀರು ತುಂಬಿದ ಲೋಟ ಹಿಡಿದ ಕೈ ಸಣ್ಣಗೆ ನಡುಗುತ್ತದೆ, ಅಂಗಿಯ ಮೇಲೆ ಒಂದಿಷ್ಟು ಚೆಲ್ಲುತ್ತದೆ. ನೀರು ಸ್ವಲ್ಪ ಸವಳು.

ಯಾವುದೋ ಹೊತ್ತಿನಲ್ಲಿ ಎಚ್ಚರವಾಗುತ್ತದೆ. ಕತ್ತಲು. ಗಂಟೆ ನೋಡಲು ಕೈ ಫೋನಿನ ಕಡೆ ಹೋಗುತ್ತದೆ, ಅರ್ಧದಲ್ಲೇ ನಿಲ್ಲುತ್ತದೆ. ಪಡಸಾಲೆಯ ಬಾಗಿಲು ಕಿರುಗುಡುತ್ತದೆ, ಅಣ್ಣನ ಚಪ್ಪಲಿಯ ಸದ್ದು, ಕಿಟಕಿಯಾಚೆ ಬ್ಯಾಟರಿಯ ಬೆಳಕು ಅಡಿಕೆ ಮರಗಳ ನಡುವೆ ಕಾಣಿಸಿ ಮರೆಯಾಗಿ ಹೋಗುತ್ತದೆ. ಕಿವಿಗೊಟ್ಟು ಮಲಗಿರುತ್ತೀರಿ. ಸ್ವಲ್ಪ ಹೊತ್ತಿಗೆ ತೊಟ್ಟಿಗೆ ನೀರು ಬೀಳುವ ಸದ್ದು ಕೇಳಿಸುತ್ತದೆ.